ಮೊದಲ ನೀರಿನ ಐಲಾ

ಕಾರ್ತಿಕ 19

ಇದು ನಾನು ಕಿಟಕಿಗಳ ಅಳತೆ ಬರೆಯುವ ಪುಸ್ತಕ. ಮೊದಲ ಅರ್ಧದಲ್ಲಿ ಬರೀ ಗೇಣು, ಅಂಗುಲ, ಕೆತ್ತಬೇಕಾದ ನವಿಲಿನ ಕತ್ತು ಎಷ್ಟು ಬಾಗಬೇಕು ಎನ್ನುವ ಗೆರೆಗಳು. ಕೊನೆಯ ಅರ್ಧ ಖಾಲಿ ಇದೆ. ಯಾರ ಮುಂದೆಯೂ ಹೇಳಲಾಗದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಈ ಮನೆಯಲ್ಲಿ ಇದನ್ನು ಮುಟ್ಟುವವರಿಲ್ಲ.

ಇವತ್ತು ಅತ್ತೆ ಬಂದಿದ್ದರು. ನನ್ನ ಹೆಂಡತಿ ಕೇಶರಿ ತೀರಿಹೋದ ಮೇಲೂ ಮಗಳ ಮನೆ ಎಂದು ವಾರಕ್ಕೆರಡು ಸಲ ಬರುತ್ತಾರೆ. ಮಾಘಕ್ಕೆ ವರ್ಷದ ಸೂತಕ ಕಳೆಯುತ್ತದೆ, ಫಾಲ್ಗುಣದಲ್ಲಿ ಮೊಮ್ಮಗಳು ರಸ್ಮಿಲಾಳನ್ನು ಬಾಹ್ರಾಕ್ಕೆ ಕೂರಿಸಿಬಿಡೋಣ ಎಂದರು. ಹನ್ನೊಂದು ತುಂಬಿತು, ಇನ್ನೂ ತಡ ಮಾಡಿದರೆ ಹುಡುಗಿ ಮೈನೆರೆಯುತ್ತಾಳೆ. ಅದಕ್ಕೆ ಮುಂಚೆ ಹನ್ನೆರಡು ದಿನ ಕತ್ತಲೆ ಕೋಣೆಯಲ್ಲಿ ಕೂತು, ಹೊರಗೆ ಬಂದು ಸೂರ್ಯನನ್ನು ಮದುವೆಯಾಗಬೇಕು. ಆ ದಿನ ಹಿರಿಯರು ಕೈಗೆ ಮೊಟ್ಟೆ, ಮೀನು, ಮನೆಯಲ್ಲಿ ಇಳಿಸಿದ ಸಾರಾಯಿ ಐಲಾ ಒಂದು ಬಟ್ಟಲು ಕೊಟ್ಟು ಹರಸಬೇಕು.

"ಐಲಾದ ಯೋಚ್ನೆ ನಮಗಿಲ್ಲ ಅಳಿಯಂದ್ರೆ, ನನ್ನ ಮಗಳು ಮಾಡಿಟ್ಟೇ ಹೋಗಿದಾಳೆ," ಎಂದರು ಅತ್ತೆ.

ನಿಜ, ಮಾಡಿಟ್ಟಿದ್ದಳು. ಹೋದ ವರ್ಷ ಇದೇ ದಿನಗಳಲ್ಲಿ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದಾಗ, ಅಟ್ಟದ ಅಡುಗೆಮನೆಗೆ ಹತ್ತಿ ಹೊಸ ಅಕ್ಕಿಯ ಐಲಾ ಇಳಿಸಿದಳು. ಒಂದೇ ಬಾಟಲಿ. ಕುತ್ತಿಗೆಗೆ ಕೆಂಪು ದಾರ ಕಟ್ಟಿ ಗೂಡಿನಲ್ಲಿ, ಅಕ್ಕಿ ಗುಡಾಣದ ಹಿಂದೆ ಇಟ್ಟಳು. "ಇದು ರಸ್ಮಿಲಾದು. ಅವಳು ಸೂರ್ಯನ್ನ ನೋಡೋ ದಿನ ನಾನಿರ್ತೀನೋ ಇಲ್ವೋ, ಇದಂತೂ ಇರತ್ತೆ," ಅಂದಳು.

ಅದೂ ಇಲ್ಲ. ಹದಿಮೂರನೆಯ ದಿನದ ಕರ್ಮ ಮುಗಿದ ಮಾರನೆಯ ಮಧ್ಯಾಹ್ನ ಅದನ್ನು ನಾನೇ ಕುಡಿದೆ. ಮನೆಯಲ್ಲಿದ್ದದ್ದೆಲ್ಲ ಬಂದವರಿಗೆ ಖರ್ಚಾಗಿತ್ತು, ಕೈಗೆ ಅದು ಸಿಕ್ಕಿತು. ದಾರ ಬಿಚ್ಚಿದ್ದು ನೆನಪಿದೆ. ಎದ್ದಾಗ ಬಾಟಲಿ ಬರಿದಾಗಿತ್ತು. ರಸ್ಮಿಲಾ ಅಜ್ಜಿಯ ಮನೆಯಲ್ಲಿದ್ದಳು, ಅಷ್ಟೇ ಪುಣ್ಯ. ದಾರವನ್ನು ಮತ್ತೆ ಕಟ್ಟಿ ಅಲ್ಲೇ ಇಟ್ಟೆ. ಅಂದಿನಿಂದ ಆ ಗೂಡಿನ ಕಡೆ ತಲೆಯೆತ್ತಿ ನೋಡಿಲ್ಲ.

ಇಷ್ಟು ಬರೆಯುವುದಕ್ಕೆ ತುಲ್ಸಿಮಾಯಾಳ ಅಂಗಡಿಯಲ್ಲಿ ನಾಲ್ಕು ಬಟ್ಟಲು ಏರಿಸಿ ಬರಬೇಕಾಯಿತು.

ಕಾರ್ತಿಕ 22

ಮೂರು ದಿನ ಕುಡಿದುಕೊಂಡೇ ಯೋಚಿಸಿದೆ. ತುಲ್ಸಿಮಾಯಾಳಿಂದ ಒಂದು ಬಾಟಲಿ ತಂದು ತುಂಬಿಸಿಡಬಹುದು. ಆದರೆ ಅವಳದು ರಾಗಿಯದು, ಅತ್ತೆ ಮೂಗಿನ ಹತ್ತಿರ ತಂದರೆ ಸಾಕು, ಬಣ್ಣ ಬಯಲು. ಅದಕ್ಕಿಂತ ಹೆಚ್ಚಾಗಿ ಅಂಗಡಿಯದನ್ನು ಆ ಬಾಟಲಿಗೆ ಸುರಿಯಲು ನನಗೇ ಹೇಸಿಗೆ. ಅದೇ ಒಲೆಯ ಮೇಲೆ, ಅದೇ ಪಾತ್ರೆಯಲ್ಲಿ ನಾನೇ ಇಳಿಸಬೇಕು. ಫಾಲ್ಗುಣದ ಒಳಗೆ ಅದು ಕೇಶರಿಯ ಐಲಾ ಎನಿಸುವಷ್ಟು ಚೆನ್ನಾಗಿ ಬರಬೇಕು.

ಅತ್ತೆಯ ಬಳಿ ಹೋಗಿ ಕಲಿಸಿಕೊಡಿ ಎಂದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಕುಡಿಯೋ ವಿದ್ಯೆ ಪೂರ್ತಿಯಾಯ್ತಾ? ಇನ್ನು ಮಾಡೋ ವಿದ್ಯೆನಾ?"

"ಊಟಕ್ಕೆ ಅರವತ್ತು ಜನ ಬರ್ತಾರೆ ಅತ್ತೆ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಅಷ್ಟನ್ನ ನೀವೊಬ್ರೇ ಹೇಗೆ ಇಳಿಸ್ತೀರಿ?"

"ನಮ್ಮೋರಲ್ಲಿ ಗಂಡಸು ಐಲಾ ಒಲೆ ಮುಂದೆ ಕೂತಿದ್ದು ನಾನು ಕಂಡಿಲ್ಲಪ್ಪ. ನಲ್ಲಿ ಹತ್ರದ ಹೆಂಗಸರಿಗೆ ಒಂದು ತಿಂಗಳು ಮಾತಿಗೆ ಬರವಿಲ್ಲ ಬಿಡಿ."

ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅಕ್ಕಿ ತೊಳೆದಿಡಿ, ನಾಡಿದ್ದು ಬರ್ತೀನಿ ಎಂದರು. ಊಟದ ನೆಪ ಹೇಳಿದೆನಲ್ಲ, ಅದು ಸುಳ್ಳು.

ಕಾರ್ತಿಕ 24

ಐದು ಮಾನ ಅಕ್ಕಿ ಬೇಯಿಸಿ ಚಾಪೆಯ ಮೇಲೆ ಹರಡಿದೆ. ಅದು ಆರಿದ ಮೇಲೆ ಮರ್ಚಾ ಬಿಲ್ಲೆ ಪುಡಿಮಾಡಿ ಉದುರಿಸಬೇಕು. ನೋಡಲು ಒಣಗಿದ ಸುಣ್ಣದ ಬಿಲ್ಲೆಯಂತಿದೆ, ಆದರೆ ಅನ್ನವನ್ನು ಹುಳಿ ಬರಿಸಿ ಕುದಿಸುವ ಜೀವ ಇರುವುದು ಅದರಲ್ಲೇ. ಅತ್ತೆ ನೀರು ತರಲು ಇಳಿದಿದ್ದರು. ತುಲ್ಸಿಮಾಯಾಳ ಅಂಗಡಿ ತೆರೆಯುವ ಹೊತ್ತಾಗಿತ್ತು. ನಾನು ಬೇಗ ಬೇಗ ಕಲಸಿ, ಮಡಕೆಗೆ ತುಂಬಿ, ಹುಲ್ಲು ಸುತ್ತಿಟ್ಟು ಹೊರಟೆ.

ಮಾರ್ಗಶಿರ 3

ಮಡಕೆ ಬಿಚ್ಚಿದೆವು. ಕೊಳೆತ ಅನ್ನ, ಮೇಲೆ ಕಪ್ಪು ಬೂಷ್ಟು. ಅತ್ತೆ ಒಂದು ಬೆರಳು ಅದ್ದಿ ಕೇಳಿದರು, "ಬಿಸಿ ಅನ್ನಕ್ಕೆ ಹಾಕಿದ್ರಾ?"

ಹೌದೆಂದೆ.

"ಮರ್ಚಾನ ಸುಟ್ಟು ಕೊಂದಿದೀರಿ. ಅಷ್ಟು ಅವಸರದಲ್ಲಿ ಎಲ್ಲಿಗೆ ಹೋಗ್ಬೇಕಾಗಿತ್ತು?"

ಎಲ್ಲಿಗೆಂದು ಅವರಿಗೂ ಗೊತ್ತು. ಅಲ್ಲಿಗೇ ಹೋಗಿ ಕತ್ತಲಾಗುವವರೆಗೆ ಕೂತೆ.

ಮಾರ್ಗಶಿರ 6

ಎರಡನೆಯ ಸಲ. ಈ ಸಲ ಅತ್ತೆ ನನ್ನ ಅಂಗೈಯನ್ನು ಹಿಡಿದು ಅನ್ನದ ಮೇಲೆ ಒತ್ತಿದರು. "ರಸ್ಮಿಲಾನ ಮೊದಲ್ನೇ ಸಲ ಎತ್ಕೊಂಡಾಗ ಮೈ ಎಷ್ಟು ಬೆಚ್ಚಗಿತ್ತು? ಅಷ್ಟಿರಬೇಕು. ಅಷ್ಟಾಗೋ ತನಕ ಕಾಯಿರಿ."

ಕಾದೆ. ಅಷ್ಟು ಹೊತ್ತು ಕೆಲಸವಿಲ್ಲದೆ ಕೂತು ಬಹಳ ದಿನವಾಗಿತ್ತು.

ಚಳಿ ಜಾಸ್ತಿ, ಹುಲ್ಲು ಸಾಲದು, ಮಡಕೆಗೆ ಏನಾದರೂ ಹೊದಿಸಬೇಕು ಎಂದು ಅತ್ತೆ ಹುಡುಕುತ್ತಿದ್ದರು. ರಸ್ಮಿಲಾ ಕೆಳಗೆ ಹೋಗಿ ಅಮ್ಮನ ಶಾಲು ತಂದಳು. ಒಗೆಯದೆ ಪೆಟ್ಟಿಗೆಯಲ್ಲಿಟ್ಟಿದ್ದ ಶಾಲು ಅದು. ಬೇಡ ಎನ್ನಬೇಕೆಂದಿದ್ದೆ. ಅವಳು ಆಗಲೇ ಮಡಕೆಗೆ ಸುತ್ತಿ, ಗಲ್ಲದ ಕೆಳಗೆ ಗಂಟು ಹಾಕುವಂತೆ ಗಂಟು ಹಾಕಿದ್ದಳು. ಅಮ್ಮ ಸತ್ತ ಮೇಲೆ ಈ ಹುಡುಗಿ ನನ್ನೊಡನೆ ಅಗತ್ಯವಿದ್ದರೆ ಮಾತ್ರ ಮಾತಾಡುತ್ತಾಳೆ. ಕೋಪವೋ ಹೆದರಿಕೆಯೋ ತಿಳಿಯುವುದಿಲ್ಲ.

ಮಾರ್ಗಶಿರ 10

ಶಾಲಿನೊಳಗಿಂದ ಬಾಳೆಹಣ್ಣಿನಂಥ ಸಿಹಿ ವಾಸನೆ. ಕಿವಿಯಿಟ್ಟರೆ ಒಳಗೆ ಸಣ್ಣಗೆ ಗುಳುಗುಳು ಸದ್ದು. ಮೂರು ಸಲ ಹತ್ತಿ ಹೋಗಿ ಕೇಳಿದೆ.

ಪುಷ್ಯ 5

ಇವತ್ತು ಇಳಿಸುವ ದಿನ. ತಳದಲ್ಲಿ ತಾಮ್ರದ ಹಂಡೆ, ಅದರಲ್ಲಿ ಹುಳಿ ಬಂದ ಅನ್ನ, ನೀರು. ಅದರ ಮೇಲೆ ತೂತು ತಳದ ಮಣ್ಣಿನ ಮಡಕೆ, ಅದರೊಳಗೆ ನಡುವೆ ಒಂದು ಪುಟ್ಟ ಚೊಂಬು. ಎಲ್ಲದರ ಮೇಲೆ ಚೂಪು ತಳದ ತಾಮ್ರದ ಬೋಗುಣಿ, ಅದರ ತುಂಬ ತಣ್ಣೀರು. ಹಬೆ ಮೇಲೇರಿ, ತಣ್ಣನೆಯ ತಳಕ್ಕೆ ತಾಗಿ, ಬೆವರಿ, ಚೂಪಿನ ತುದಿಗೆ ಹರಿದು, ಚೊಂಬಿಗೆ ಹನಿಹನಿಯಾಗಿ ಬೀಳುತ್ತದೆ. ಸಂದುಗಳಿಗೆಲ್ಲ ಹಿಟ್ಟು ಮೆತ್ತಿದೆವು. ಬೋಗುಣಿಯ ನೀರು ಬಿಸಿಯಾದರೆ ತೆಗೆದು ಬೇರೆ ಹಾಕಬೇಕು. ನೀರು ಬದಲಿಸಿದಷ್ಟೂ ಐಲಾ ತೆಳುವಾಗುತ್ತದೆ. ಸೂರ್ಯನ ದಿನಕ್ಕೆ ಬೇಕಾದದ್ದು ಮೊದಲ ನೀರಿನದು, ಕೇಶರಿ ಇಟ್ಟಿದ್ದೂ ಅದೇ.

ಒಳಗೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಕೇಳಿಸಿಕೊಳ್ಳಬೇಕು. "ಟಕ್ ಟಕ್ ಅಂತ ಬಿದ್ರೆ ಸರಿ. ಸೊರ್ ಅಂದ್ರೆ ಬೆಂಕಿ ಎಳೀರಿ," ಎಂದರು ಅತ್ತೆ. ಸದ್ದು ಬರುತ್ತಿತ್ತು, ಸ್ವಲ್ಪ ಮಂದ. ಮಡಕೆ ದಪ್ಪ ಇರಬೇಕು ಎಂದುಕೊಂಡೆವು. ಸೌದೆ ಹಿಂದೆ ಮುಂದೆ ಮಾಡುತ್ತ ಮೂರು ಗಂಟೆ ಕೂತೆ. ಬೋಗುಣಿ ಎತ್ತಿ ನೋಡಿದರೆ ಚೊಂಬು ಒಣಗಿತ್ತು. ತಳದಲ್ಲಿ ನಾಲ್ಕು ಹನಿ. ಉಳಿದದ್ದೆಲ್ಲ ಚೊಂಬಿನ ಪಕ್ಕಕ್ಕೆ ಬಿದ್ದು, ತೂತಿನಿಂದ ಇಳಿದು, ವಾಪಸ್ಸು ಹಂಡೆ ಸೇರಿ, ಕೊನೆಗೆ ಅನ್ನ ತಳ ಹಿಡಿದು ಸೀದಿತ್ತು.

"ಚೊಂಬು ನಡುಮಧ್ಯ ಇಟ್ಟಿದ್ರಾ?"

"ದಾರ ಹಿಡಿದು ಅಳತೆ ಮಾಡಿ ಇಟ್ಟಿದೀನಿ ಅತ್ತೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ನಮ್ಮನೇಲಿ ಕಣ್ಣು ಮುಚ್ಚಿ ಇಟ್ರೂ ತುಂಬತ್ತೆ. ಇದೇನು ಕರ್ಮವೋ. ಕೇಶರಿ ಇದೇ ಪಾತ್ರೇಲಿ ಇಳಿಸ್ತಿದ್ಲು."

ಹೊರಡುವಾಗ ಗೂಡಿಗೆ ಕೈ ಹಾಕಿ ಕೇಶರಿಯ ಬಾಟಲಿಯನ್ನು ಎತ್ತಿ ಸೆರಗಿನಿಂದ ಒರೆಸಿದರು. ಖಾಲಿಯೆಂದು ಗೊತ್ತಾಗಿಹೋಯಿತು ಎಂದುಕೊಂಡೆ. ಅವರು ಅದನ್ನು ಹಣೆಗೆ ಒತ್ತಿಕೊಂಡು ಮತ್ತೆ ಅಲ್ಲೇ ಇಟ್ಟರು. ಆ ಕಣ್ಣಿನ ಪೊರೆಗೆ ಮನಸ್ಸಿನಲ್ಲೇ ಕೈಮುಗಿದೆ.

ಪುಷ್ಯ 6

ಕುಡಿದೆ. ಬಿದ್ದೆ. ಹಣೆ ಒಡೆದಿದೆ.

ಪುಷ್ಯ 13

ಒಲೆಯ ಬೂದಿ ತೆಗೆಯುತ್ತಿದ್ದೆ. ಒಲೆಯ ಹಿಂದೆ ಗೋಡೆಯ ಸಂದಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಮಸಿ ಒರೆಸಿದೆ. ಮರದ ಬೆಣೆ, ಒಂದು ಬೆರಳು ದಪ್ಪ, ತುದಿಗೆ ಸಪೂರ. ಬದಿಯಲ್ಲಿ ನನ್ನ ಉಳಿಯ ಗುರುತು.

ಭೂಕಂಪದ ಮರುವರ್ಷ ಈ ಬೆಣೆಗಾಗಿ ನಾನು ಕಾರ್ಯಾಗಾರವನ್ನೆಲ್ಲ ತಲೆಕೆಳಗು ಮಾಡಿದ್ದೆ. ಕೇಶರಿಯ ಮೇಲೆ ಕೂಗಾಡಿದ್ದೆ. ಸೌದೆ ಅಂತ ಒಲೆಗೆ ಹಾಕಿರ್ತೀಯ, ನಿನಗೆ ಮರದ ಬೆಲೆ ಏನು ಗೊತ್ತು ಎಂದಿದ್ದೆ. ಅವಳು, "ಒಲೆಗೆ ಹಾಕಿಲ್ಲ," ಎಂದಷ್ಟೇ ಹೇಳಿದ್ದಳು.

ಒಲೆಗೆ ಹಾಕಿರಲಿಲ್ಲ, ಒಲೆಯ ಅಡಿಗೆ ಹಾಕಿದ್ದಳು. ಭೂಕಂಪದಲ್ಲಿ ಈ ಮನೆ ಪಡುವಣಕ್ಕೆ ವಾಲಿದೆ. ಕಾರ್ಯಾಗಾರದಲ್ಲಿ ನಾನು ಮಣೆಗಳನ್ನೆಲ್ಲ ಸಮ ಮಾಡಿಕೊಂಡೆ. ಅಟ್ಟದ ನೆಲವೂ ವಾಲಿದ್ದೀತು ಎಂದು ನನಗೆ ಹೊಳೆಯಲೇ ಇಲ್ಲ. ಊಟಕ್ಕೆ ಹತ್ತುತ್ತಿದ್ದೆ, ಉಂಡು ಇಳಿಯುತ್ತಿದ್ದೆ. ಮೂರು ಕಾಲಿನ ಕಬ್ಬಿಣದ ಒಲೆಯ ಪಡುವಣ ಕಾಲಿಗೆ ಬೆಣೆ ಕೊಟ್ಟು, ಬೋಗುಣಿ ಇಟ್ಟು, ತಳಕ್ಕೆ ನೀರು ಸವರಿದೆ. ಹನಿ ಹರಿದು ಸರಿಯಾಗಿ ತುದಿಗೆ ಬಂದು ನಿಂತಿತು. ಎರಡು ಬೆರಳು ಪಕ್ಕಕ್ಕೆ ಬೀಳುತ್ತಿದ್ದದ್ದು ಇದಕ್ಕೇ.

ಅಲ್ಲೇ ಕೂತು ಅತ್ತುಬಿಟ್ಟೆ. ನನ್ನ ಬೈಗುಳ ತಿಂದೂ ಅವಳು ಆ ಬೆಣೆಯನ್ನು ವಾಪಸ್ಸು ಕೊಡಲಿಲ್ಲವಲ್ಲ, ಕೇಳಿದ್ದರೆ ಹೊಸದು ಮಾಡಿಕೊಡುತ್ತಿದ್ದೆನಲ್ಲ. ಕೇಳುವಂತೆ ನಾನಿದ್ದೆನೇ?

ಇವತ್ತೇ ಮತ್ತೆ ಅಕ್ಕಿ ನೆನೆಹಾಕಿದೆ.

ಮಾಘ 4

ವರ್ಷದ ಕರ್ಮ ಮುಗಿಯಿತು. ಹೊಳೆಯ ದಂಡೆಯಲ್ಲಿ ತುಂಬ ಚಳಿ. ರಸ್ಮಿಲಾ ಅಮ್ಮನಿಗೆ ಅವಲಕ್ಕಿ ಇಟ್ಟಳು, ಅಳಲಿಲ್ಲ.

ಬರುವಾಗ ತುಲ್ಸಿಮಾಯಾ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. "ಏನ್ ಹೇರಾಕಾಜಿ, ನನ್ನ ಮೇಲೆ ಮುನಿಸಾ? ನಿನ್ನ ಮಣೆ ಮೇಲೆ ಬೆಕ್ಕು ಮಲಗ್ತಾ ಇದೆ."

"ಕೆಲಸ ಜಾಸ್ತಿ ಅಕ್ಕಾ," ಎಂದೆ. ನಿಜವೇ. ಎರಡು ಕಿಟಕಿ ಒಪ್ಪಿಕೊಂಡಿದ್ದೇನೆ, ಮೇಲೆ ಮಡಕೆಯ ಬಿಸಿ ನೋಡಬೇಕು.

"ಹೆಂಗಸರ ಕೆಲಸ ಕಲೀತಿದೀಯಂತೆ. ನನ್ನ ಅಂಗಡಿ ಮುಚ್ಚಿಸಬೇಡಪ್ಪ!"

ಮಾಘ 21

ಬೆಳಗ್ಗೆಯೇ ಒಲೆ ಹಚ್ಚಿದೆ. ಅತ್ತೆಗೆ ಕೆಮ್ಮು, ಬರಲಿಲ್ಲ. ರಸ್ಮಿಲಾ ಶಾಲೆಗೆ ರಜೆ ಹಾಕಿ ನೀರು ಹೊತ್ತಳು. ಬೆಣೆ ಕೊಟ್ಟೆ, ಹಿಟ್ಟು ಮೆತ್ತಿದೆ, ಬೆಂಕಿಯನ್ನು ಸಣ್ಣಗೆ ಹಿಡಿದೆ. ಇಬ್ಬರೂ ಕಿವಿಯಾನಿಸಿ ಕೂತೆವು.

ಟಕ್.

"ಬಿತ್ತು," ಎಂದಳು. ಆಮೇಲೆ ಇನ್ನೊಂದು. ಅವಳು ಬೆರಳು ಮಡಚುತ್ತ ಎಣಿಸತೊಡಗಿದಳು, ಎಣಿಕೆ ತಪ್ಪಿ ನಕ್ಕಳು. ಆ ನಗು ಕೇಳಿ ವರ್ಷವಾಗಿತ್ತು.

ಬೋಗುಣಿಯ ಮೊದಲ ನೀರು ಕೈ ಸುಡುವಷ್ಟಾದಾಗ ಎತ್ತಿದೆ. ಚೊಂಬು ಮುಕ್ಕಾಲು ತುಂಬಿತ್ತು. ಮೊದಲ ಹನಿಗಳನ್ನು ಒಲೆಗೆ ಚಿಮುಕಿಸಿದೆ, ಬೆಂಕಿ ನೀಲಿಯಾಗಿ ಎದ್ದಿತು. ನಾಲಗೆಯ ತುದಿಗೆ ಒಂದು ಹನಿ ಇಟ್ಟು ನೋಡಿ ಉಗಿದೆ. ಖಾರವಿದೆ, ಹಿಂದೆ ಅಕ್ಕಿಯ ಸಿಹಿ ಇದೆ, ಕೊನೆಯಲ್ಲಿ ತುಸು ಸೀದ ವಾಸನೆ, ಹಂಡೆ ಸರಿಯಾಗಿ ಉಜ್ಜಿರಲಿಲ್ಲ. ಎರಡನೆಯ, ಮೂರನೆಯ ನೀರಿನದನ್ನು ಊಟಕ್ಕೆ ಬೇರೆ ಇಟ್ಟೆ.

ಒಂದು ಬಾಟಲಿಗೆ ಸಾಕಾಗುವಷ್ಟಿದೆ. ಸದ್ಯಕ್ಕೆ ಜಾಡಿಯಲ್ಲಿ ಮುಚ್ಚಿಟ್ಟಿದ್ದೇನೆ. ರಸ್ಮಿಲಾ ಇರುವಾಗ ಆ ಬಾಟಲಿ ತೆಗೆಯುವ ಹಾಗಿಲ್ಲ.

ಫಾಲ್ಗುಣ 6

ಅವಳನ್ನು ಕತ್ತಲೆ ಕೋಣೆಗೆ ಕೂರಿಸಿದರು. ಕಿಟಕಿಗೆ ಕಂಬಳಿ ಹೊಡೆದದ್ದು ನಾನೇ. ಹೊರಗೆ ಬರುವ ತನಕ ಅವಳು ಗಂಡಸರ ಮುಖ ನೋಡುವಂತಿಲ್ಲ, ಅಪ್ಪನಾದರೂ ಅಷ್ಟೇ. ಬಾಗಿಲು ಹಾಕುವ ಮುಂಚೆ ಏನೋ ಹೇಳುವಂತೆ ನನ್ನ ಕಡೆ ತಿರುಗಿದಳು. ಅಜ್ಜಿ ಒಳಗೆ ಎಳೆದುಕೊಂಡರು.

ಫಾಲ್ಗುಣ 14

ಅತ್ತೆ ಮೀನು ತರಲು ಹೋಗಿದ್ದರು. ಬಾಟಲಿ ತೊಳೆದು ತುಂಬಿಸಿಡಲು ಇದೇ ಸಮಯ ಎಂದು ಗೂಡಿಗೆ ಕೈ ಹಾಕಿದೆ.

ಬಾಟಲಿ ಭಾರವಾಗಿತ್ತು.

ಬೆಳಕಿಗೆ ಹಿಡಿದೆ, ಕತ್ತಿನ ತನಕ ತುಂಬಿತ್ತು. ದಾರದ ಗಂಟು ನನ್ನದಲ್ಲ. ಹುಡುಗಿಯರು ಜಡೆಗೆ ಕಟ್ಟುವಂಥ ಚಿಟ್ಟೆಗಂಟು. ಬಿಚ್ಚಿ ಮೂಸಿದೆ, ನಾಲಗೆಗೆ ಬಿಟ್ಟುಕೊಂಡೆ. ನೀರು.

ಕೆಳಗಿಳಿದು ಕತ್ತಲೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಳಗೆ ಅವಳು, ಪದ್ಧತಿಯಂತೆ ಜೊತೆಗೆಂದು ಇಟ್ಟ ಹತ್ತಿಯ ಭೂತದ ಬೊಂಬೆಗೆ ಏನೋ ಕಥೆ ಹೇಳುತ್ತಿದ್ದಳು. ನನ್ನ ಕೆಮ್ಮು ಕೇಳಿ ನಿಲ್ಲಿಸಿದಳು.

"ಅಪ್ಪಾ?"

"ಬಾಟ್ಲಿಗೆ ನೀರು ತುಂಬಿಸಿದ್ದು ನೀನಾ?"

ಒಳಗೆ ಚಾಪೆ ಸರಿದ ಸದ್ದಾಯಿತು, ಬಾಗಿಲ ಹತ್ತಿರ ಬಂದಳು.

"ಖಾಲಿ ಇದ್ದಿದ್ದು ನೋಡಿದ್ರೆ ಅಜ್ಜಿ ನಿನ್ನ ಬೈತಿದ್ರು," ಎಂದಳು. "ಅಜ್ಜಿ ಬೈದ್ರೆ ನೀನು ಮತ್ತೆ ಕುಡಿಯೋಕೆ ಹೋಗ್ತಿದ್ದೆ."

"ನಾನು ಕುಡಿದದ್ದು ನಿಂಗೆ ಹೇಗೆ ಗೊತ್ತು? ನೀನು ಅಜ್ಜಿ ಮನೇಲಿದ್ದೆ."

"ನಿಂಗೆ ಊಟ ತಂದಿದ್ದೆ. ಏಣಿ ಹತ್ರ ನಿಂತಿದ್ದೆ. ನೀನು ಅಮ್ಮಾ ಅಮ್ಮಾ ಅಂತ ಅಳ್ತಾ ಕುಡೀತಿದ್ದೆ. ಅಮ್ಮ ನನಗಲ್ವಾ ಅಮ್ಮ, ಅಪ್ಪ ಯಾಕೆ ಹಾಗಂತಾರೆ ಅಂತ ಹೆದರಿಕೆ ಆಯ್ತು. ಊಟ ಅಲ್ಲೇ ಇಟ್ಟು ಹೋದೆ."

ಹತ್ತು ವರ್ಷದ ಮಗು ತನ್ನ ಪಾಲಿನದನ್ನು ಅಪ್ಪ ಕುಡಿಯುವುದನ್ನು ನೋಡಿ, ಆಮೇಲೆ ಎಂದೋ ಗುಡಾಣ ಸರಿಸಿ, ನೀರು ತುಂಬಿಸಿ, ದಾರ ಕಟ್ಟಿದೆ. ವರ್ಷವಿಡೀ ಬಾಯಿ ಬಿಟ್ಟಿಲ್ಲ. ನಾನು ಅದನ್ನು ಕೋಪವೋ ಹೆದರಿಕೆಯೋ ಎಂದುಕೊಂಡಿದ್ದೆ.

"ತಪ್ಪಾಯ್ತು ಮಗಾ," ಎಂದೆ. ಬಾಗಿಲಿಗೆ ಹೇಳಿದೆ.

"ಸೂರ್ಯನ ದಿನಕ್ಕೆ ಏನ್ ಮಾಡ್ತೀಯ ಅಪ್ಪಾ?"

"ನಾವಿಬ್ರೂ ಇಳಿಸಿದ್ದಿದೆಯಲ್ಲ."

"ಅದನ್ನ ಅಮ್ಮಂದು ಅಂತ ಹೇಳ್ತೀಯಾ?"

ಅಟ್ಟಕ್ಕೆ ಹತ್ತಿ, ಬಾಟಲಿಯ ನೀರನ್ನು ಚೆಲ್ಲಲು ಕಿಟಕಿಯವರೆಗೆ ಹೋದೆ, ಮನಸ್ಸಾಗಲಿಲ್ಲ. ಗೋಡೆಗೆ ಒರಗಿ ಕೂತು ಅಷ್ಟನ್ನೂ ಕುಡಿದೆ. ವರ್ಷದ ಹಳೆಯ ನೀರು, ಧೂಳಿನ ರುಚಿ. ಒಂದು ಹನಿಯನ್ನೂ ಬಿಡಲಿಲ್ಲ. ಆಮೇಲೆ ಬಾಟಲಿಗೆ ನಮ್ಮ ಐಲಾ ತುಂಬಿದೆ. ದಾರ ಕಟ್ಟಲಿಲ್ಲ.

ಫಾಲ್ಗುಣ 17

ಎಲ್ಲ ಆಯಿತು. ಮೇಲೆ ಅರವತ್ತು ಜನ ಉಣ್ಣುತ್ತಿದ್ದಾರೆ, ನಾನು ಕಾರ್ಯಾಗಾರಕ್ಕೆ ಬಂದು ಬರೆಯುತ್ತಿದ್ದೇನೆ.

ಬೆಳಗ್ಗೆ ಅವಳ ತಲೆಗೆ ಬಟ್ಟೆ ಮುಚ್ಚಿ ಮಾಳಿಗೆಗೆ ಕರೆತಂದರು. ಕೆಂಪು ಸೀರೆ, ಕೇಶರಿಯ ಓಲೆ. ಅತ್ತೆ ಬಾಟಲಿ ಎತ್ತಿಕೊಂಡು, "ದಾರ ಎಲ್ಲಿ?" ಎಂದರು. ಎಲ್ಲರೂ ಇದ್ದರು. ಇನ್ನೂ ತಡ ಮಾಡಿದರೆ ಬಾಯಿ ಬರುವುದಿಲ್ಲವೆಂದು ಹೇಳಿಬಿಟ್ಟೆ.

"ಅದು ಕೇಶರಿ ಮಾಡಿದ್ದಲ್ಲ ಅತ್ತೆ. ಅವಳು ಮಾಡಿದ್ದನ್ನ ಹೋದ ವರ್ಷವೇ ನಾನು ಕುಡಿದೆ. ಇದು ನಾನು ಇಳಿಸಿದ್ದು."

ಅತ್ತೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. "ನನ್ನ ಮಗಳು ಕೊನೇ ಸಲ ಎದ್ದು ನಿಂತು ಮಾಡಿದ್ದು ಅದೊಂದೇ," ಎಂದರು. "ಅದನ್ನ ಹಣೆಗೆ ಒತ್ಕೊಂಡು ಒತ್ಕೊಂಡು ವರ್ಷ ಕಳೆದೆ." ಅವರ ಅಳು ನಿಲ್ಲುವ ತನಕ ಪುರೋಹಿತರು ಕಾದರು. ನಾನು ಕೈಕಟ್ಟಿ ನಿಂತಿದ್ದೆ. ನನ್ನ ಬಳಿ ಕೊಡಲು ಬೇರೇನೂ ಇರಲಿಲ್ಲ.

ಕೊನೆಗೆ ಕಣ್ಣೊರೆಸಿಕೊಂಡು, ಬಾಟಲಿ ಬಿಚ್ಚಿ ಮೂಸಿದರು. ನನ್ನ ಮುಖ ನೋಡಲಿಲ್ಲ. ನಮ್ಮ ಪದ್ಧತಿಯಂತೆ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ, ಕೆಳಗಿದ್ದ ಬಟ್ಟಲಿಗೆ ಒಂದು ಹನಿಯೂ ಆಚೆ ಚೆಲ್ಲದಂತೆ ಸುರಿದರು. "ತಗೋ ಮಗಾ. ನಿಮ್ಮಪ್ಪನ ಕೈಯದು."

ರಸ್ಮಿಲಾಳ ಮುಖದ ಬಟ್ಟೆ ತೆಗೆದರು. ಹನ್ನೆರಡು ದಿನದ ಮೇಲೆ ಬಿಸಿಲು ಬಿದ್ದು ಅವಳ ಕಣ್ಣಲ್ಲಿ ನೀರು ಬಂತು. ತಟ್ಟೆಯ ನೀರಿನಲ್ಲಿ ಸೂರ್ಯನನ್ನು ನೋಡಿದಳು, ಐಲಾ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು, ಕೆಮ್ಮಿದಳು. ಹೆಂಗಸರು ನಕ್ಕರು. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಅಮ್ಮಂದೂ ಹೀಗೇ ಇತ್ತಾ ಅಪ್ಪಾ?"

ಅವಳು ಕೇಳಬಹುದಾದವನು ಲೋಕದಲ್ಲಿ ನಾನೊಬ್ಬನೇ. ಅದನ್ನು ಕುಡಿದವನು ನಾನೊಬ್ಬನೇ. ಹೌದು, ಹೀಗೇ ಇತ್ತು ಎಂದಿದ್ದರೆ ಆಗುತ್ತಿತ್ತು. ಅವಳು ಅದನ್ನೇ ಕಾಯುತ್ತಿದ್ದಳು, ಅತ್ತೆಯೂ ತಲೆಯೆತ್ತಿದ್ದರು.

"ನೆನಪಿಲ್ಲ ಮಗಾ," ಎಂದೆ.

ಅವಳು ತಲೆಯಾಡಿಸಿ, ಬಟ್ಟಲಲ್ಲಿ ಉಳಿದದ್ದನ್ನು ಕೆಮ್ಮುತ್ತ ಕೆಮ್ಮುತ್ತ ಕುಡಿದು ಮುಗಿಸಿದಳು.

ಈಗ ಇಲ್ಲಿಗೆ ಬಂದು ಈ ಪುಸ್ತಕದ ಮೊದಲ ಅರ್ಧದಲ್ಲಿ, ಅವಳ ಐಲಾ ಕುಡಿದ ಆ ದಿನದ ಪುಟ ಹುಡುಕಿದೆ. ಎಲ್ಲಾದರೂ ಒಂದು ಮಾತು, ಸಿಹಿ ಎಂದೋ ಖಾರ ಎಂದೋ ಗೀಚಿದ್ದೇನೆಯೇ ಎಂದು. ಒಂದು ಕಿಟಕಿಯ ಅಳತೆ ಇದೆ. ಅಗಲ ಬರೆದಿದ್ದೇನೆ, ಎತ್ತರ ಬರೆದಿಲ್ಲ.